ನಾಯಿಗೆ ಮಾಡುವ ರಾಗಿ ಬಿಸ್ಕತ್ತು ಬಿರುಕು ಬಿಡುತ್ತೆ, ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತೆ. ಎಲ್ಲಿ ತಪ್ಪಾಗ್ತಿದೆ?

ಹಿತ್ತಲಬಾಗಿಲು:

ನಾಡತಳಿ ಹೆಣ್ಣುನಾಯಿ, ಮೂರು ವರ್ಷ, 18 ಕೆ.ಜಿ., ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಆರೋಗ್ಯಕ್ಕೆ ಬೇರೆ ತೊಂದರೆ ಇಲ್ಲ. ಟ್ರೀಟ್ ಮನೆಯಲ್ಲೇ ಮಾಡಿಕೊಡಬೇಕು ಅಂತ ಇದೆ. ಈಗಿನ ಅಳತೆ ಹೀಗಿದೆ: ರಾಗಿ ಹಿಟ್ಟು ಎರಡು ಲೋಟ, ಬೇಯಿಸಿದ ಸಿಹಿಕುಂಬಳ ಒಂದು ಲೋಟ, ಕಡಲೆಕಾಯಿ ಬೆಣ್ಣೆ ಎರಡು ಚಮಚ, ಒಂದು ಚೂರು ಬೆಲ್ಲ. ಓಟಿಜಿಯಲ್ಲಿ (ಚಿಕ್ಕ ಕರೆಂಟ್ ಒವನ್) 180 ಡಿಗ್ರಿ, 20 ನಿಮಿಷ.

ಲಟ್ಟಿಸುವಾಗಲೇ ಅಂಚು ಸೀಳುತ್ತೆ. ಬೆಂದ ಮೇಲೆ ಹೊರಗೆ ಗರಿಗರಿ, ಆದರೆ ಸ್ಟೀಲ್ ಡಬ್ಬಿಗೆ ಹಾಕಿಟ್ಟರೆ ನಾಲ್ಕನೇ ದಿನಕ್ಕೆ ಬಿಳಿ ಬೂಷ್ಟು. ಇನ್ನೆರಡು ಪ್ರಶ್ನೆ: ದಿನಕ್ಕೆ ಎಷ್ಟು ಕೊಡಬಹುದು? ಹಿಟ್ಟಿಗೆ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಉಣುಗು ಹತ್ತಲ್ಲ ಅಂತಾರೆ, ನಿಜವಾ?

ರಾಗಿಕಣ:

ಬಿರುಕು ಬಿಡೋದು ರಾಗಿಯ ಗುಣ. ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿಲ್ಲ, ಹಾಗಾಗಿ ತಣ್ಣಗಿನ ಕುಂಬಳದ ಜೊತೆ ಎಷ್ಟು ನಾದಿದರೂ ಜಿಗಿ ಬರಲ್ಲ. ರಾಗಿ ರೊಟ್ಟಿಗೆ ಮಾಡೋದನ್ನೇ ಇಲ್ಲೂ ಮಾಡಿ, ಕುದಿಯೋ ನೀರು ಹಾಕಿ. ಬಿಸಿಗೆ ಹಿಟ್ಟಿನ ಪಿಷ್ಟ ಊದಿಕೊಂಡು ತಾನೇ ಅಂಟಾಗುತ್ತೆ. ಉಳಿದ ಅಂಟನ್ನು ಮೊಟ್ಟೆ ಕೊಡುತ್ತೆ.

ಲೋಟದ ಅಳತೆ ಬಿಟ್ಟು ಗ್ರಾಂ ಲೆಕ್ಕದಲ್ಲಿ ತೂಗಿ. ಸಿಹಿಕುಂಬಳದ ನೀರಿನಂಶ ಒಂದೊಂದು ಕಾಯಿಗೂ ಒಂದೊಂದು ಥರ. ಅಮೆರಿಕದ ಅಡುಗೆ ವಿಧಾನಗಳಲ್ಲಿ ಹೇಳೋದು ಡಬ್ಬಿಯಲ್ಲಿ ಬರುವ ಗಟ್ಟಿ ಕುಂಬಳ, ಅದೇ ಅಳತೆಗೆ ನಮ್ಮ ಕುಂಬಳ ಹಾಕಿದರೆ ಹಿಟ್ಟು ಅಂಬಲಿ ಆಗುತ್ತೆ. ನೀರಲ್ಲಿ ಬೇಯಿಸದೆ ಹಬೆಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ಹದಿನೈದು ನಿಮಿಷ ಸೋಸಲು ಬಿಟ್ಟು ಆಮೇಲೆ ತೂಗಿ.

ಬೇಕಾಗೋದು: ರಾಗಿ ಹಿಟ್ಟು 200 ಗ್ರಾಂ, ಕುಂಬಳ 150 ಗ್ರಾಂ, ಬೇಯಿಸಿ ಮಿಕ್ಸಿಯಲ್ಲಿ ತರಿಯಾಗಿ ತಿರುವಿದ ಮೂಳೆ-ಚರ್ಮ ಇಲ್ಲದ ಕೋಳಿ ಎದೆಮಾಂಸ 100 ಗ್ರಾಂ, ಮೊಟ್ಟೆ ಒಂದು, ಕೊಬ್ಬರಿ ಎಣ್ಣೆ ಒಂದು ಟೀ ಚಮಚ, ಕುದಿಯೋ ನೀರು ಸುಮಾರು 60 ಮಿ.ಲೀ. ಉಪ್ಪು, ಬೆಲ್ಲ, ಅಡುಗೆ ಸೋಡಾ ಯಾವುದೂ ಬೇಡ.

ಅರ್ಧ ಹಿಟ್ಟಿಗೆ ಕುದಿಯೋ ನೀರು ಸುರಿದು ಚಮಚದ ಹಿಂಬದಿಯಿಂದ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಬೆಚ್ಚಗಾದ ಮೇಲೆ ಉಳಿದದ್ದೆಲ್ಲ ಸೇರಿಸಿ; ಬಿಸಿ ಇರುವಾಗಲೇ ಮೊಟ್ಟೆ ಒಡೆದರೆ ಅದು ಅಲ್ಲೇ ಬೆಂದು ತುಣುಕಾಗುತ್ತೆ, ಅಂಟು ಸಿಗಲ್ಲ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಎರಡು ಬಾಳೆಲೆ ಅಥವಾ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ 5 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, 3 ಸೆಂ.ಮೀ. ಚೌಕ ಕತ್ತರಿಸಿ. ಸುಮಾರು ನೂರು ತುಂಡು ಬರುತ್ತೆ. ಪ್ರತಿ ತುಂಡನ್ನೂ ಫೋರ್ಕ್‌ನಿಂದ ಎರಡು ಕಡೆ ಚುಚ್ಚಿ, ಇಲ್ಲದಿದ್ದರೆ ಒಳಗಿನ ಹಬೆಗೆ ಉಬ್ಬಿ ಟೊಳ್ಳಾಗುತ್ತೆ.

ಈಗ ಬೂಷ್ಟಿನ ವಿಷಯ. 180 ಡಿಗ್ರಿಯಲ್ಲಿ 20 ನಿಮಿಷ ಇಟ್ಟರೆ ಮೇಲ್ಮೈ ಬೇಗ ಗಟ್ಟಿಯಾಗಿ ಒಳಗಿನ ನೀರು ಒಳಗೇ ಉಳಿಯುತ್ತೆ. ಡಬ್ಬಿಯಲ್ಲಿಟ್ಟ ಮೇಲೆ ಆ ನೀರು ನಿಧಾನಕ್ಕೆ ಹೊರಪದರಕ್ಕೆ ಬರುತ್ತೆ, ಬೂಷ್ಟಿಗೆ ಅಷ್ಟೇ ಸಾಕು. ಬೆಚ್ಚಗಿರುವಾಗಲೇ ಮುಚ್ಚಳ ಹಾಕಿದರೆ ಇನ್ನೂ ಬೇಗ. ಬೇಯಿಸುವುದು ಬೇರೆ, ಒಣಗಿಸುವುದು ಬೇರೆ ಅಂತ ಇಟ್ಟುಕೊಳ್ಳಿ. ಮೊದಲು 160 ಡಿಗ್ರಿ 25 ನಿಮಿಷ, ತಿರುವಿ ಹಾಕಿ, ಆಮೇಲೆ 110 ಡಿಗ್ರಿಗೆ ಇಳಿಸಿ ಬಾಗಿಲನ್ನು ಒಂದು ಬೆರಳು ತೆರೆದು 60ರಿಂದ 75 ನಿಮಿಷ. ಆರಿಸಿ ಒಳಗೇ ತಣ್ಣಗಾಗಲು ಬಿಡಿ.

ಒಣಗಿದೆಯಾ ಅಂತ ಕಣ್ಣಿಗೆ ಗೊತ್ತಾಗಲ್ಲ, ತಕ್ಕಡಿಗೆ ಗೊತ್ತಾಗುತ್ತೆ. ಮೇಲಿನ ಅಳತೆಯಲ್ಲಿ ನೀರು ಬಿಟ್ಟು ಉಳಿಯುವ ಒಣ ಅಂಶ ಸುಮಾರು 240 ಗ್ರಾಂ. ಇಡೀ ತಟ್ಟೆಯ ಬಿಸ್ಕತ್ತು ತೂಗಿದಾಗ 270 ಗ್ರಾಂಗಿಂತ ಕಡಿಮೆ ಇರಬೇಕು. 300 ತೋರಿಸಿದರೆ ಇನ್ನರ್ಧ ಗಂಟೆ ಒಣಗಿಸಿ. ನೀವು ಕಲಸುವಾಗ ನೀರು ಹೆಚ್ಚು-ಕಡಿಮೆ ಹಾಕಿದ್ದರೂ ಈ ಕೊನೆಯ ತೂಕ ಬದಲಾಗಲ್ಲ. ಮಾಂಸ ಇರುವುದರಿಂದ ಚೆನ್ನಾಗಿ ಒಣಗಿದ್ದರೂ ಫ್ರಿಜ್‌ನಲ್ಲೇ ಇಡಿ, ಎರಡು ವಾರದೊಳಗೆ ಮುಗಿಸಿ, ಉಳಿದದ್ದು ಫ್ರೀಜರಿಗೆ.

ಬೂಷ್ಟು ಬಂದದ್ದನ್ನು ಕೆರೆದು ಕೊಡಬೇಡಿ, ಬೀದಿನಾಯಿಗಳಿಗೂ ಹಾಕಬೇಡಿ. ಬೂಷ್ಟಿನ ವಿಷ ಯಕೃತ್ತಿಗೂ ನರಕ್ಕೂ ಕೆಟ್ಟದ್ದು, ಕಣ್ಣಿಗೆ ಕಾಣುವ ಭಾಗದಲ್ಲಿ ಮಾತ್ರ ಇರುವುದಿಲ್ಲ.

ತುಂಗೆಯಂಚು:

ಬೆಳ್ಳುಳ್ಳಿ ಖಂಡಿತ ಬೇಡ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಹೋಗಲ್ಲ. ಪುಡಿಯಲ್ಲಿ ಇನ್ನೂ ಸಾಂದ್ರವಾಗಿರುತ್ತೆ. ತೊಂದರೆ ಅವತ್ತೇ ಕಾಣಿಸದೆ ಕೆಲವು ದಿನ ಬಿಟ್ಟು ಕಾಣುವುದರಿಂದ ಯಾರೂ ಬೆಳ್ಳುಳ್ಳಿಗೆ ಸಂಬಂಧ ಕಲ್ಪಿಸುವುದಿಲ್ಲ: ಒಸಡು ಬಿಳಿಚಿಕೊಳ್ಳುವುದು, ಸುಸ್ತು, ಕಂದುಗೆಂಪು ಮೂತ್ರ. ಅದರ ಮೇಲೆ, ಉಣುಗಿನಿಂದ ಬರುವ ಬೆಬೀಸಿಯಾ ಜ್ವರವೂ ಒಡೆಯುವುದು ಅದೇ ಕೆಂಪು ರಕ್ತಕಣವನ್ನು. ಉಣುಗು ತಡೆಯಲು ಕೊಟ್ಟ ವಸ್ತು ಉಣುಗಿನ ರೋಗದ ಜೊತೆ ಸೇರಿಕೊಂಡ ಹಾಗಾಗುತ್ತೆ. ಉಣುಗಿಗೆ ಪಶುವೈದ್ಯರು ತೂಕ ನೋಡಿ ಬರೆದುಕೊಡುವ ಮಾತ್ರೆ ಅಥವಾ ಬೆನ್ನಿಗೆ ಬಿಡುವ ಔಷಧಿಯೇ ಸರಿ.

ಇದೇ ಸಾಲಿಗೆ ದ್ರಾಕ್ಷಿ, ಒಣದ್ರಾಕ್ಷಿ. ಮೂತ್ರಪಿಂಡ ಕೆಡುತ್ತೆ, ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೇ ಈಗ ಅನುಮಾನ. ಆ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಆದ್ದರಿಂದ ಉಳಿದ ಸಾರು, ಗೊಜ್ಜಿನಲ್ಲಿ ಹಿಟ್ಟು ಕಲಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಕಡಲೆಕಾಯಿ ಬೆಣ್ಣೆ ಡಬ್ಬಿಯ ಹಿಂದೆ ಓದಿ. ಸೈಲಿಟಾಲ್ ಅಥವಾ ಬರ್ಚ್ ಶುಗರ್ (ಎರಡೂ ಒಂದೇ, ಸಕ್ಕರೆ ಬದಲು ಹಾಕುವ ಸಿಹಿ) ಅಂತ ಇದ್ದರೆ ಮನೆಗೇ ತರಬೇಡಿ. ಒಂದು ಕೆ.ಜಿ. ದೇಹತೂಕಕ್ಕೆ 0.1 ಗ್ರಾಂ ಸಾಕು ನಾಯಿಯ ರಕ್ತದ ಸಕ್ಕರೆ ಕುಸಿಯಲು, ಅಂದರೆ ನಿಮ್ಮ ನಾಯಿಗೆ ಎರಡು ಗ್ರಾಂ ಒಳಗೆ. ಶೇಂಗಾವನ್ನು ಉಪ್ಪಿಲ್ಲದೆ ಹುರಿದು ಮನೆಯಲ್ಲೇ ರುಬ್ಬುವುದು ಒಳ್ಳೆಯದು, ಸುಕ್ಕಾದ, ಕಪ್ಪಾದ, ಕಹಿ ಬೀಜ ಆರಿಸಿ ಎಸೆದು.

ಎಷ್ಟು ಕೊಡಬೇಕು ಅನ್ನೋದಕ್ಕೆ: ಎಲ್ಲ ಟ್ರೀಟ್ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ದಾಟಬಾರದು. ಫೋನಿನ ಕ್ಯಾಲ್ಕುಲೇಟರಲ್ಲಿ 18ನ್ನು ಮೂರು ಸಲ ಗುಣಿಸಿ (18×18×18), ಬಂದದ್ದಕ್ಕೆ ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿ. ಸುಮಾರು 612 ಬರುತ್ತೆ, ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಕ್ಯಾಲೊರಿ. ಆಪರೇಷನ್ ಆದ, ಸಾಧಾರಣ ಓಡಾಟದ ನಾಯಿಗೆ 1.6ರಿಂದ ಗುಣಿಸಿದರೆ 980. ಹತ್ತನೇ ಒಂದು ಅಂದರೆ 98. ರಾಗಿಕಣ ಕೊಟ್ಟ ಅಳತೆಯ ಒಟ್ಟು ಕ್ಯಾಲೊರಿ 960ರ ಹತ್ತಿರ ಬರುತ್ತೆ, ನೂರು ತುಂಡಾದರೆ ಒಂದಕ್ಕೆ ಹತ್ತಕ್ಕಿಂತ ಚೂರು ಕಡಿಮೆ. ಹಾಗಾದರೆ ದಿನಕ್ಕೆ ಹೆಚ್ಚೆಂದರೆ ಒಂಬತ್ತು. ಅಷ್ಟು ಕೊಟ್ಟ ದಿನ ಊಟದಲ್ಲಿ ಆ 90 ಕ್ಯಾಲೊರಿ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಅದು ಮೈಗೇ ಸೇರುತ್ತೆ.

ತರಬೇತಿಗೆ ಆದರೆ ಒಂದೊಂದು ಚೌಕವನ್ನು ಹಸಿಯಾಗಿರುವಾಗಲೇ ನಾಲ್ಕು ಭಾಗ ಮಾಡಿ. ಎಷ್ಟು ಸಲ ಸಿಕ್ಕಿತು ಅನ್ನುವುದೇ ನಾಯಿಗೆ ಮುಖ್ಯ, ತುಂಡು ಎಷ್ಟು ದೊಡ್ಡದು ಅನ್ನುವುದಲ್ಲ. ಮುಧೋಳ ಸಾಕಿದವರು ಓದುತ್ತಿದ್ದರೆ ಒಂದು ಮಾತು: ಆ ತಳಿಗೆ ಕೊನೆಯ ಪಕ್ಕೆಲುಬು ತುಸು ಕಾಣುವುದು ಸಹಜ, ಅದನ್ನು ಮುಚ್ಚಲು ಬಿಸ್ಕತ್ತು ತಿನ್ನಿಸಬೇಡಿ.

ಬಡಗುಬೈಲು:

ಹಿಟ್ಟೇ ಬೇಡ ಅನ್ನುವವರಿಗೆ ಒಣಗಿಸಿದ ಕೋಳಿ ಒಳ್ಳೆಯದು, ಆದರೆ ಹೆಚ್ಚಿನವರು ಒಂದು ಹಂತ ಬಿಡ್ತಾರೆ ಮಾರಾಯ್ರೆ. ಹಸಿ ಎದೆಮಾಂಸವನ್ನು ನೇರ 60-65 ಡಿಗ್ರಿಯಲ್ಲಿ ಒಣಗಿಸಿದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದು ಖಾತ್ರಿ ಇಲ್ಲ. ಒಣಗಿದ ಮೇಲ್ಮೈಯಲ್ಲಿ ಅದು ಬಿಸಿಗೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲು ಹಬೆಯಲ್ಲಿ ಒಳಗಡೆ 74 ಡಿಗ್ರಿ ಆಗುವವರೆಗೆ ಬೇಯಿಸಿ, ಆಮೇಲೆ ಒಣಗಿಸಿ. 5 ಮಿ.ಮೀ. ಹೋಳಿಗೆ ಎಂಟು-ಹತ್ತು ನಿಮಿಷದ ಹಬೆ ಸಾಕು. ಮಾಂಸ ಅರ್ಧ ಹೆಪ್ಪುಗಟ್ಟಿರುವಾಗ ಕತ್ತರಿಸಿದರೆ ಒಂದೇ ದಪ್ಪ ಬರುತ್ತದೆ. ನಾರಿನ ಉದ್ದಕ್ಕೆ ಕೊಯ್ದರೆ ಜಗಿಯಲು, ಅಡ್ಡಕ್ಕೆ ಕೊಯ್ದರೆ ಮುರಿದು ಕೊಡಲು.

ಟೆರೇಸಿನ ಬಿಸಿಲಲ್ಲಿ ಮಾಡಬೇಡಿ. ಹಪ್ಪಳಕ್ಕೆ ಆಗುತ್ತದೆ, ಉಪ್ಪಿಲ್ಲದ ಮಾಂಸಕ್ಕೆ ಆಗುವುದಿಲ್ಲ. ಆ ಶಾಖ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ್ದು, ನೊಣ ಬೇರೆ.

500 ಗ್ರಾಂ ಹಸಿ ಮಾಂಸ ಒಣಗಿ 150 ಗ್ರಾಂ ಆಗುತ್ತದೆ. ಒಂದು ಗ್ರಾಮಿಗೆ ಸುಮಾರು 4 ಕ್ಯಾಲೊರಿ, ಹಾಗಾಗಿ ಕೈಯಲ್ಲಿ ಹಗುರ ಅನ್ನಿಸಿದರೂ ನಿಮ್ಮ ನಾಯಿಗೆ 20 ಗ್ರಾಂ ಆದರೆ ಅವತ್ತಿನ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು.

ಕರಾವಳಿಯವರಿಗೆ ಬೂತಾಯಿ ಮೀನು ಇದೆ. ತಲೆ, ಕರುಳು ತೆಗೆದು, ಒಂದು ಲೋಟ ನೀರಲ್ಲಿ ಕುಕ್ಕರಿಗೆ ಹಾಕಿ, ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 40-45 ನಿಮಿಷ. ನಡುಮುಳ್ಳು ಎರಡು ಬೆರಳ ನಡುವೆ ಪುಡಿಯಾಗಬೇಕು, ಆಗದಿದ್ದರೆ ಇನ್ನೂ ಇಡಿ. ಆ ಮೀನು 250 ಗ್ರಾಂ ಹಿಸುಕಿ, 150 ಗ್ರಾಂ ಅಕ್ಕಿಹಿಟ್ಟು, ಒಂದು ಮೊಟ್ಟೆ ಸೇರಿಸಿ, ತಟ್ಟೆಯಲ್ಲಿ ಒಂದು ಸೆಂ.ಮೀ. ದಪ್ಪ ಹರಡಿ 15 ನಿಮಿಷ ಹಬೆಯಲ್ಲಿ ಬೇಯಿಸಿ, ತಣಿದ ಮೇಲೆ ಕತ್ತರಿಸಿ ಫ್ರೀಜರಿಗೆ. ಜಿಡ್ಡಿನ ಮೀನು, ಮೇದೋಜೀರಕದ ತೊಂದರೆ ಬಂದಿದ್ದ ನಾಯಿಗೆ ಬೇಡ. ಪೇಟೆಯ ಒಣಮೀನು ಯಾವ ನಾಯಿಗೂ ಬೇಡ, ಪೂರ್ತಿ ಉಪ್ಪು.

ಹಿತ್ತಲಬಾಗಿಲು:

ಬೆಳ್ಳುಳ್ಳಿ ಕೈಬಿಟ್ಟಾಯ್ತು. ಮೊಟ್ಟೆ ಚಿಪ್ಪನ್ನು ಪುಡಿ ಮಾಡಿ ಇದೇ ಹಿಟ್ಟಿಗೆ ಹಾಕಬಹುದಾ? ಮತ್ತೆ, ಊರಿನ ಮನೆಯಲ್ಲಿ ಓಟಿಜಿ ಇಲ್ಲ. ಕುಕ್ಕರಿನಲ್ಲಿ ಉಪ್ಪು ಹಾಕಿ ಕೇಕ್ ಮಾಡೋ ಥರ ಇದನ್ನೂ ಮಾಡಬಹುದಾ?

ರಾಗಿಕಣ:

ಚಿಪ್ಪಿನ ಪುಡಿ ಬೇಡ. ಒಂದು ಟೀ ಚಮಚದಲ್ಲಿ ಹತ್ತಿರ ಹತ್ತಿರ 2 ಗ್ರಾಂ ಸುಣ್ಣದಂಶ (ಕ್ಯಾಲ್ಸಿಯಂ) ಇರುತ್ತೆ. ಕ್ಯಾಲ್ಸಿಯಂ ಸಮತೋಲನ ಊಟದಲ್ಲಿ ಸರಿ ಮಾಡಬೇಕಾದ್ದು, ಟ್ರೀಟ್‌ನಲ್ಲಿ ಅಲ್ಲ. ದೊಡ್ಡ ತಳಿಯ ಮರಿಗಳಿಗಂತೂ ಹೆಚ್ಚಾದರೆ ಮೂಳೆ ಬೆಳವಣಿಗೆ ಕೆಡುತ್ತೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಇದೆ ನಿಜ, ಆದರೆ ಕಾಳಿನಲ್ಲೇ ಇರುವ ಫೈಟೇಟ್ ಅನ್ನುವ ವಸ್ತು ಅದರಲ್ಲಿ ಒಂದಷ್ಟನ್ನು ಹಿಡಿದುಕೊಳ್ಳುತ್ತೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಮೂತ್ರದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದ ನಾಯಿಗೆ ರಾಗಿ, ಗೆಣಸು, ಪಾಲಕ್ ಕೊಡುವ ಮೊದಲು ವೈದ್ಯರನ್ನು ಕೇಳಿ.

ಕುಕ್ಕರಿನಲ್ಲಿ ಬೇಯುತ್ತೆ, ಆದರೆ ಒಣಗಲ್ಲ. ಮುಚ್ಚಿದ ಪಾತ್ರೆಯಿಂದ ಹಬೆ ಹೊರಗೆ ಹೋಗಲು ದಾರಿ ಸಾಲದು, 270 ಗ್ರಾಂ ತಲುಪುವಷ್ಟರಲ್ಲಿ ತಳ ಸೀದಿರುತ್ತೆ. ಊರಲ್ಲಿ ಬಿಸ್ಕತ್ತಿನ ಹಟ ಬಿಟ್ಟು ಮೆತ್ತಗಿನದೇ ಮಾಡಿ. ಅದೇ ಹಿಟ್ಟಿಗೆ ಇನ್ನೊಂದು 60-70 ಮಿ.ಲೀ. ನೀರು ಸೇರಿಸಿ, ಎಣ್ಣೆ ಸವರಿದ ಇಡ್ಲಿ ತಟ್ಟೆಗೆ ತೆಳ್ಳಗೆ ಹರಡಿ 15 ನಿಮಿಷ ಹಬೆಯಲ್ಲಿ ಬೇಯಿಸಿ. ಕಡ್ಡಿ ಚುಚ್ಚಿದರೆ ಅಂಟಬಾರದು. ತಣಿದ ಮೇಲೆ ಚಿಕ್ಕದಾಗಿ ಕತ್ತರಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ನೇರ ಚೀಲಕ್ಕೆ ಹಾಕಿದರೆ ಒಂದೇ ಗಡ್ಡೆಯಾಗುತ್ತೆ. ಫ್ರಿಜ್‌ನಲ್ಲಿ ಇದು ಮೂರೇ ದಿನ, ಫ್ರೀಜರಿನಲ್ಲಿ ಎರಡು ತಿಂಗಳು. ಹಿಂದಿನ ರಾತ್ರಿ ಬೇಕಾದಷ್ಟು ಮಾತ್ರ ಫ್ರೀಜರಿನಿಂದ ಫ್ರಿಜ್‌ಗೆ ಇಳಿಸಿಕೊಳ್ಳಿ.