ಬಸುರಿನಲ್ಲಿ ಎಚ್‌ಐವಿ ಪರೀಕ್ಷೆ: ಮಾಡಿಸಿದವರು, ಬಿಟ್ಟವರು ಅನುಭವ ಹೇಳಿ

ಜೇವರ್ಗಿ ಸೊಸೆ:
ನಮ್ಮದು ಜೇವರ್ಗಿ ಹತ್ತಿರದ ಹಳ್ಳಿ. ನನಗೀಗ ನಾಲ್ಕು ತಿಂಗಳು. ತಾಯಿ ಕಾರ್ಡ್ ಮಾಡಿಸಲು ಹೋದಾಗ ಸಿಸ್ಟರ್ ಎಚ್‌ಬಿ, ಶುಗರ್ ಜೊತೆ ಎಚ್‌ಐವಿ ಪರೀಕ್ಷೆಯೂ ಆಗಬೇಕು ಅಂದರು. ಮನೆಯವರು ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾರೆ, ಹಬ್ಬಕ್ಕೆ ಬರುತ್ತಾರೆ. ಅತ್ತೆ "ಉಳಿದದ್ದೆಲ್ಲ ಮಾಡಿಸು, ಅದೊಂದು ನಮ್ಮ ಮನೆತನಕ್ಕೆ ಬೇಡ" ಅಂತ ಪಟ್ಟು ಹಿಡಿದಿದ್ದಾರೆ. ರಕ್ತ ತೆಗೆಯುವ ಹುಡುಗ ನಮ್ಮೂರಿನವನೇ ಬೇರೆ. ನೀವೆಲ್ಲ ಎಲ್ಲಿ ಮಾಡಿಸಿದಿರಿ, ಮನೆಯಲ್ಲಿ ಹೇಗೆ ಹೇಳಿದಿರಿ?

ಆಳಂದ ರಸ್ತೆ:
ತಂಗೀ, ಖಾಸಗಿಗೆ ಮಾತ್ರ ಹೋಗಬೇಡ. ನಮ್ಮ ಡಾಕ್ಟರಮ್ಮ ಚೀಟಿ ಬರೆದು ಕೆಳಗಿನ ಲ್ಯಾಬಿಗೆ ಕಳಿಸಿದರು. ಪ್ಯಾಕೇಜ್ ಅಂತ 2,400 ರೂಪಾಯಿ, ಎಚ್‌ಐವಿಗೆ ಬೇರೆ 450. ಇಂಥ ಪರೀಕ್ಷೆ ಮಾಡುತ್ತೇವೆ ಅಂತ ನನಗೆ ಯಾರೂ ಹೇಳಿರಲಿಲ್ಲ, ಬಿಲ್ ನೋಡಿಯೇ ಗೊತ್ತಾಗಿದ್ದು. ಸಂಜೆ ರಿಪೋರ್ಟಿನಲ್ಲಿ ರಿಯಾಕ್ಟಿವ್, ಅಂದರೆ ಸೋಂಕು ಇರಬಹುದು ಅಂತ ಬಂತು. ಕೂರಿಸಿ ಹೇಳುವವರಿಲ್ಲ. ಕೌಂಟರಿನ ಹುಡುಗಿ ಕವರ್ ಕೊಟ್ಟು "ಮೇಡಂಗೆ ತೋರಿಸಿ" ಅಂದಳು ಅಷ್ಟೇ. ಮತ್ತೆ ದೊಡ್ಡ ಪರೀಕ್ಷೆ ಅಂತ 1,800 ಕಟ್ಟಿಸಿಕೊಂಡು ರಕ್ತವನ್ನು ಹೈದರಾಬಾದಿಗೆ ಕಳಿಸಿದರು. ಅದು ಬರುವ ತನಕ ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಕುಬಸದ ಕಾರ್ಯ ನಿಂತಿತು, ಆಗಲೇ ಸೀರೆಗೆ ಕೊಟ್ಟಿದ್ದ 5,000 ಅಡ್ವಾನ್ಸ್ ಅಂಗಡಿಯವನು ವಾಪಸ್ ಕೊಡಲಿಲ್ಲ. ಕೊನೆಗೆ ನನ್ನ ಅಣ್ಣ ಸರ್ಕಾರಿ ದವಾಖಾನೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ ಕರೆದುಕೊಂಡು ಹೋದ. ಅಲ್ಲಿ ಬೇರೆ ಬೇರೆ ಕಿಟ್‌ನಲ್ಲಿ ನೋಡಿದರು, ನೆಗೆಟಿವ್! ಬಸುರಿಯರಿಗೆ ಒಮ್ಮೊಮ್ಮೆ ಹೀಗೆ ಸುಳ್ಳು ರಿಯಾಕ್ಟಿವ್ ಬರುವುದುಂಟು, ಮೂರು ಬೇರೆ ಕಿಟ್‌ನಲ್ಲೂ ಬಂದರೆ ಮಾತ್ರ ನಾವು ಪಾಸಿಟಿವ್ ಅನ್ನುತ್ತೇವೆ ಅಂತ ಕೌನ್ಸೆಲರ್ ಹೇಳಿದರು. ಒಂದು ರೂಪಾಯಿ ಖರ್ಚಿಲ್ಲ. ಹೈದರಾಬಾದಿನ ರಿಪೋರ್ಟೂ ನೆಗೆಟಿವ್ ಬಂತು. ಆದರೆ ಅತ್ತೆ ಇವತ್ತಿಗೂ ನನ್ನ ಲೋಟ ಬೇರೆ ಇಡುತ್ತಾರೆ.

ಬೀದರ್ ಅಪ್ಪ:
ಸರ್ಕಾರಿ ದವಾಖಾನೆ ಹೊಗಳುವವರು ಆ ಬೆಂಚಿನ ಮೇಲೆ ಒಮ್ಮೆ ಕೂತು ನೋಡಿ. ನಮ್ಮ ಕಡೆ ಬಾಗಿಲ ಮೇಲೆ ಎಚ್‌ಐವಿ ಗುರುತಿನ ಕೆಂಪು ರಿಬ್ಬನ್ ಬೋರ್ಡು, ಎದುರಿಗೆ ಓಪಿಡಿ ಸಾಲು. ಯಾರು ಒಳಗೆ ಹೋದರು, ಎಷ್ಟು ಹೊತ್ತಿಗೆ ಹೊರಗೆ ಬಂದರು, ಎಲ್ಲರೂ ನೋಡುತ್ತಾರೆ. ನನ್ನ ಹೆಂಡತಿ ಬೋರ್ಡು ನೋಡಿ ಬಾಗಿಲಿನಿಂದಲೇ ವಾಪಸ್ ಬಂದಳು. ಸಾಲಿನಲ್ಲಿ ಅವಳ ಚಿಕ್ಕಮ್ಮನ ಬೀಗರು ನಿಂತಿದ್ದರು. ನಾನು ಖಾಸಗಿಯಲ್ಲಿ 600 ಕೊಟ್ಟು ನನ್ನದೂ ಮಾಡಿಸಿದೆ, ಅವಳದೂ ಮಾಡಿಸಿದೆ. ಗಂಡ ಮೊದಲು ತೋಳು ಚಾಚಿದರೆ ಹೆಂಡತಿ ಹೆದರುವುದಿಲ್ಲ. 600 ರೂಪಾಯಿ ಹೋದರೆ ಹೋಯಿತು, ಮರ್ಯಾದೆ ಉಳಿಯಿತು.

ಆಳಂದ ರಸ್ತೆ:
ಮರ್ಯಾದೆ ಉಳಿಯಿತು ಅಂದರೆ ಏನಣ್ಣ? ನನ್ನದು ಹೋಯಿತು ಅಂತಲಾ? ನಿಮ್ಮ ರಿಪೋರ್ಟ್ ನೆಗೆಟಿವ್ ಬಂತು, ಅದಕ್ಕೆ ಹೀಗೆ ಮಾತಾಡುತ್ತೀರಿ.

ಸೇಡಂ:
ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ಕೇಳದೆ ಮಾಡಿದ್ದೇ ತಪ್ಪು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ. ನನ್ನ ಮೊದಲನೇ ಹೆರಿಗೆಯಲ್ಲಿ ನಾನು ಬೇಡ ಅಂದೆ. ನೋವು ಬಂದು ಸೇರಿದ ರಾತ್ರಿ ನನ್ನನ್ನು ಕೇಳದೆ ಮಾಡಿದರು, ಆಮೇಲೆ ಸಿಸೇರಿಯನ್ ಬಿಲ್ಲಿಗೆ ಸೇರಿಸಿದರು. ಬಿಲ್ 48,000. ಅದರಲ್ಲಿ "ಸ್ಪೆಷಲ್ ಕಿಟ್" ಅಂತಲೇ 3,500. ಏನದು ಕಿಟ್ ಅಂತ ಕೇಳಿದರೆ ಉತ್ತರ ಇಲ್ಲ. ಇವತ್ತೂ ಹೇಳುತ್ತೇನೆ, ಬೇಡ ಅನ್ನುವುದು ನನ್ನ ಹಕ್ಕು.

ಶಹಾಪುರ ಆಶಾ:
ಹಕ್ಕು ನಿಮ್ಮದೇ ಅಕ್ಕಾ, ನಾವೂ ಕೇಳಿಯೇ ಮಾಡಬೇಕು, ಒಪ್ಪುತ್ತೇನೆ. ಆದರೆ ಮಗುವಿನ ವಿಷಯ ಸ್ವಲ್ಪ ನೋಡಿ. ಏನೂ ಚಿಕಿತ್ಸೆ ಇಲ್ಲದಿದ್ದರೆ ಪಾಸಿಟಿವ್ ತಾಯಂದಿರ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ತಾಯಿ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ನೋವು ಬಂದ ರಾತ್ರಿ ಗೊತ್ತಾದರೆ ಮಾತ್ರೆಗೆ ಸಮಯ ಎಲ್ಲಿದೆ ಹೇಳಿ.
ನಮ್ಮ ಕಡೆ ಪರೀಕ್ಷೆ ತಪ್ಪುವುದು ಬರೀ ನಾಚಿಕೆಯಿಂದ ಅಲ್ಲ. ಮೂರನೇ ತಿಂಗಳಿಗೆ ಹೆಸರು ಬರೆಸುತ್ತಾರೆ, ಆಮೇಲೆ ಗಂಡನ ಜೊತೆ ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗುತ್ತಾರೆ. ಏಳಕ್ಕೆ ತವರಿಗೆ ಬರುತ್ತಾರೆ. ಕಾರ್ಡು ಅತ್ತೆ ಮನೆಯ ಪೆಟ್ಟಿಗೆಯಲ್ಲಿ. ಉಪಕೇಂದ್ರದಲ್ಲಿ ಬೆರಳು ಚುಚ್ಚಿ ನೋಡುವ ಕಿಟ್ ಇರಬೇಕು, ಒಮ್ಮೊಮ್ಮೆ ಖಾಲಿ. ಆಗ ನಾಳೆ ಬಾ ಅನ್ನುತ್ತೇವೆ. ನಾಳೆ ಅವಳಿಗೆ ತೊಗರಿ ರಾಶಿ, 300 ರೂಪಾಯಿ ಕೂಲಿ. ಬರುವುದಿಲ್ಲ. ಮೇಲಿನವರು ಮಾತ್ರ ನಮ್ಮನ್ನೇ ಬೈಯುತ್ತಾರೆ.

ಬೀದರ್ ಅಪ್ಪ:
ಕಿಟ್ ಖಾಲಿ ಅಂದರೆ ಅದು ನಿಮ್ಮ ಇಲಾಖೆಯ ತಪ್ಪು, ಹೆಣ್ಣುಮಕ್ಕಳ ಮೇಲೆ ಹಾಕಬೇಡಿ.

ಶಹಾಪುರ ಆಶಾ:
ಯಾರ ಮೇಲೆ ಹಾಕಿದೆ ಅಣ್ಣಾ? ಬಿಸಿಲಲ್ಲಿ ಮನೆ ಮನೆ ತಿರುಗುವವಳು ನಾನು. 600 ಕೊಟ್ಟು ಬಂದ ನಿಮಗೆ ಅದು ಗೊತ್ತಾಗುವುದಿಲ್ಲ.

ಚಿತ್ತಾಪುರ:
ನಾನು ಪಾಸಿಟಿವ್. ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಐದನೇ ತಿಂಗಳಲ್ಲಿ ಗೊತ್ತಾಯಿತು. ಕೌನ್ಸೆಲರ್ ಒಳ್ಳೆಯವರು, ಬಾಗಿಲು ಹಾಕಿಕೊಂಡು ಹೇಳಿದರು. ಆದರೆ ಹೆರಿಗೆ ವಾರ್ಡಿನಲ್ಲಿ ಒಬ್ಬಳು ನನ್ನ ಕಡತ ಎತ್ತಿ ಹಿಡಿದು "ಇದು ಆ ಕೇಸು, ಕೊನೆಗೆ ಇಡಿ" ಅಂದಳು. ಪಕ್ಕದ ಮಂಚದವರು ಮಗು ಎತ್ತಿಕೊಂಡು ಆ ಕಡೆ ಹೋದರು. ಗಂಡ ಪರೀಕ್ಷೆ ಮಾಡಿಸಲೇ ಇಲ್ಲ. ಅವನ ಮನೆಯವರು ನನ್ನನ್ನೇ ಅಂದರು, ತವರಿಗೆ ತಂದು ಬಿಟ್ಟರು.
ಖರ್ಚು ಕೇಳಿ. ಮಾತ್ರೆ ಪುಕ್ಕಟೆ, ದಿನಕ್ಕೆ ಒಂದು. ಆದರೆ ಮಾತ್ರೆಗೆ ಕಲಬುರಗಿಗೇ ಹೋಗುತ್ತಿದ್ದೆ, ಊರ ಹತ್ತಿರ ತೆಗೆದುಕೊಂಡರೆ ಗುರುತು ಸಿಗುತ್ತದಲ್ಲ. ಆಗ ಹೆಂಗಸರಿಗೆ ಪುಕ್ಕಟೆ ಬಸ್ ಇರಲಿಲ್ಲ. ಬಸ್ಸು, ಟಂಟಂ ಸೇರಿ ಹೋಗಿ ಬರಲು 140, ಚಹಾ ಬಿಸ್ಕಿಟ್ 30, ಕೂಲಿ ಹೋಯಿತು 300. ಅವ್ವ ಕಿವಿಯ ಬೆಂಡೋಲೆ ಅಡ ಇಟ್ಟು 9,000 ತಂದಳು, ಇನ್ನೂ ಬಿಡಿಸಿಕೊಂಡಿಲ್ಲ.
ಮಗನಿಗೆ ಹುಟ್ಟಿದ ದಿನದಿಂದ ಆರು ವಾರ ಸೋಂಕು ತಡೆಯುವ ನೆವಿರಾಪಿನ್ ಸಿರಪ್ ಹಾಕಿದೆ. ಆರು ತಿಂಗಳು ಬರೀ ನನ್ನ ಎದೆಹಾಲು. ಆರನೇ ವಾರದ ರಕ್ತ ನೆಗೆಟಿವ್ ಬಂದರೂ ನಂಬಿಕೆ ಬರಲಿಲ್ಲ. 18 ತಿಂಗಳಿಗೆ ಕೊನೆಯ ಪರೀಕ್ಷೆ, ಅದೂ ನೆಗೆಟಿವ್. ಈಗ ಶಾಲೆಗೆ ಹೋಗುತ್ತಾನೆ. ಸೇಡಂ ಅಕ್ಕಾ, ನಾನೂ ಬೇಡ ಅಂದಿದ್ದರೆ ಇವನ ಗತಿ ಏನಾಗುತ್ತಿತ್ತು?

ಸೇಡಂ:
ನಿಮ್ಮ ಮಗ ಚೆನ್ನಾಗಿರಲಿ ತಾಯಿ. ಆದರೆ ವಾರ್ಡಿನಲ್ಲಿ ನಿಮಗೆ ಆದದ್ದನ್ನು ನೀವೇ ಬರೆದಿದ್ದೀರಿ. ಅದಕ್ಕೇ ಹೆಂಗಸರು ಬೇಡ ಅನ್ನುವುದು. ಕಡತ ಎತ್ತಿ ತೋರಿಸಿದವಳಿಗೆ ಏನಾಯಿತು? ಏನೂ ಆಗಿಲ್ಲ, ಅಲ್ವಾ?

ಚಿತ್ತಾಪುರ:
ಏನೂ ಆಗಿಲ್ಲ. ದೂರು ಕೊಡಲು ಹೋದರೆ ಹೆಸರು ಬರೆಯಬೇಕು. ಆ ಧೈರ್ಯ ನನಗೆ ಬರಲಿಲ್ಲ.

ಬೀದರ್ ಅಪ್ಪ:
ತಂಗೀ, ನಿಮ್ಮ ಗಂಡನಂಥವರಿಂದ ಎಲ್ಲ ಗಂಡಸರಿಗೂ ಕೆಟ್ಟ ಹೆಸರು.

ಆಳಂದ ರಸ್ತೆ:
ಇಲ್ಲೂ ಗಂಡಸರ ಹೆಸರಿನ ಚಿಂತೆಯೇ ನಿಮಗೆ.

ಜೇವರ್ಗಿ ಸೊಸೆ:
ದಯವಿಟ್ಟು ಜಗಳ ಬೇಡ. ನಾನು ಕೇಳಿದ್ದು ನಮ್ಮೂರ ಹುಡುಗನ ಬಗ್ಗೆ.

ಶಹಾಪುರ ಆಶಾ:
ಊರಲ್ಲೇ ಮಾಡಿಸಬೇಕು ಅಂತ ಏನಿಲ್ಲಮ್ಮ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ದವಾಖಾನೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಅವತ್ತು ತಾಲೂಕಿಗೆ ಹೋಗು, ಎಲ್ಲರದ್ದೂ ರಕ್ತ ತೆಗೆಯುವಾಗ ನಿನ್ನದೂ ಒಂದು, ಯಾರೂ ತಿರುಗಿ ನೋಡುವುದಿಲ್ಲ. ಅತ್ತೆಗೆ "ಎಲ್ಲ ಬಸುರಿಯರಿಗೂ ಮಾಡುತ್ತಾರೆ" ಅಂತ ಹೇಳು, ಅದು ನಿಜವೇ. ಮೊದಲು ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡು, ದುಡ್ಡಿಲ್ಲ.

ಚಿತ್ತಾಪುರ:
ಮನೆಯವರು ಬರುವ ತನಕ ಕಾಯಬೇಡ. ನಿನ್ನದು ಈಗಲೇ ಮಾಡಿಸು. ಹಬ್ಬಕ್ಕೆ ಬಂದಾಗ ಅವರದೂ ಮಾಡಿಸು. ಅವರು ಬಂದು ಹೋದ ಮೇಲೆ, ಹೆರಿಗೆಗೆ ಮುಂಚೆ ನಿನ್ನದು ಮತ್ತೊಮ್ಮೆ ಮಾಡಿಸು. ಹೊಸ ಸೋಂಕು ಮೂರು ತಿಂಗಳ ತನಕ ಪರೀಕ್ಷೆಯಲ್ಲಿ ಕಾಣದೇ ಇರಬಹುದು ಅಂತ ನನಗೆ ಕೌನ್ಸೆಲರ್ ಹೇಳಿದ್ದರು. ಅವರು ಒಪ್ಪದಿದ್ದರೆ ನಿನ್ನದನ್ನಂತೂ ಬಿಡಬೇಡ.

ಸೇಡಂ:
ಒಪ್ಪಿಗೆ ಚೀಟಿ ಓದಿ ಸಹಿ ಮಾಡಮ್ಮ. ಓದಲು ಬಿಡದಿದ್ದರೆ ಎದ್ದು ಬಾ.

ಶಹಾಪುರ ಆಶಾ:
ಮತ್ತೆ ಶುರು ಮಾಡಿದಿರಾ ಅಕ್ಕಾ! ಎದ್ದು ಬಾ ಅನ್ನಬೇಡಿ, ಓದಿ ಹೇಳಿ ಅಂತ ಕೇಳು ಅನ್ನಿ.