ವಿಡಿಐ ಫೈಲ್ 78 ಜಿಬಿ, ಒಳಗೆ ಬಳಕೆ ಬರೀ 24 ಜಿಬಿ: ಕಾಂಪ್ಯಾಕ್ಟ್ ಕೊಟ್ಟರೂ ಇಳಿಯುತ್ತಿಲ್ಲ

ಹಳೇಲ್ಯಾಪ್‌ಟಾಪ್

ಹೋಸ್ಟ್ (ಮುಖ್ಯ ಕಂಪ್ಯೂಟರ್) ವಿಂಡೋಸ್ 11, 512 ಜಿಬಿ ಎಸ್‌ಎಸ್‌ಡಿ. ಅದರಲ್ಲಿ ಖಾಲಿ ಉಳಿದಿರೋದು 14 ಜಿಬಿ. ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವಿಎಂ, ಓಡಿಸೋ ಸಾಫ್ಟ್‌ವೇರ್) ಉಬುಂಟು 22.04 ಇದೆ. ಅದರ ಡಿಸ್ಕ್ ಡೈನಮಿಕ್ ವಿಡಿಐ (ಬಳಸಿದ ಹಾಗೆ ಬೆಳೆಯೋ ವರ್ಚುವಲ್ ಡಿಸ್ಕ್ ಫೈಲ್), ಗರಿಷ್ಠ 100 ಜಿಬಿ. ಡಾಕರ್ ಇಮೇಜುಗಳನ್ನೆಲ್ಲ ಅಳಿಸಿದ ಮೇಲೆ ಉಬುಂಟು ಒಳಗೆ ಡಿಎಫ್ -ಎಚ್ ಕೊಟ್ಟರೆ ಬಳಕೆ 24 ಜಿಬಿ ಅಂತ ಬರುತ್ತೆ. ಆದರೆ ಹೋಸ್ಟ್‌ನಲ್ಲಿ ವಿಡಿಐ ಫೈಲ್ 78 ಜಿಬಿ ಇದೆ. ಸ್ನ್ಯಾಪ್‌ಶಾಟ್ಸ್ (ಒಂದು ಕ್ಷಣದ ಸ್ಥಿತಿ ಉಳಿಸಿಟ್ಟದ್ದು) ಫೋಲ್ಡರ್‌ನಲ್ಲಿ ಇನ್ನೊಂದು 11 ಜಿಬಿ ಫೈಲ್ ಬೇರೆ. ವಿಎಂ ಆಫ್ ಮಾಡಿ, ವರ್ಚುವಲ್‌ಬಾಕ್ಸ್‌ನದೇ ವಿಬಾಕ್ಸ್‌ಮ್ಯಾನೇಜ್ ಕಮಾಂಡ್‌ನಿಂದ ಕಾಂಪ್ಯಾಕ್ಟ್ (ಫೈಲ್ ಕುಗ್ಗಿಸೋದು) ಓಡಿಸಿದೆ. 100% ತೋರಿಸಿ ಮುಗಿಯಿತು, ಎರರ್ ಏನೂ ಬರಲಿಲ್ಲ, ಸೈಜ್ ಮಾತ್ರ ಹಾಗೇ ಇದೆ. ಒಳಗೆ ಡಿಡಿ ಕಮಾಂಡ್ ಹಾಕಿ ಖಾಲಿ ಜಾಗಕ್ಕೆ ಪೂರ್ತಿ ಸೊನ್ನೆ ತುಂಬಿಸಿ ಅಂತ ಕೆಲವು ಕಡೆ ಬರೆದಿದ್ದಾರೆ. ಮಾಡಬಹುದಾ? 1 ಟಿಬಿ ಯುಎಸ್‌ಬಿ ಹಾರ್ಡ್ ಡಿಸ್ಕ್ ಒಂದು ಕೈಯಲ್ಲಿದೆ.

ಸೊನ್ನೆಬ್ಲಾಕ್

ಡಿಡಿ ಖಂಡಿತ ಬೇಡ. ಕಾರಣ ಮುಂದೆ ಹೇಳ್ತೀನಿ.

ಮೊದಲು ಕಾಂಪ್ಯಾಕ್ಟ್ ಯಾಕೆ ಕೆಲಸ ಮಾಡಲಿಲ್ಲ ಅನ್ನೋದು. ಉಬುಂಟುವಿನಲ್ಲಿ ಫೈಲ್ ಅಳಿಸಿದಾಗ ಇಎಕ್ಸ್‌ಟಿ4 (ಅದರ ಫೈಲ್ ಸಿಸ್ಟಮ್) ತನ್ನ ಲೆಕ್ಕದ ಪುಸ್ತಕದಲ್ಲಿ ಮಾತ್ರ "ಈ ಜಾಗ ಖಾಲಿ" ಅಂತ ಗುರುತು ಹಾಕುತ್ತೆ. ಹಳೆಯ ಡೇಟಾ ಇದ್ದ ಕಡೆಯೇ ಇರುತ್ತೆ. ವರ್ಚುವಲ್‌ಬಾಕ್ಸ್‌ಗೆ ಇಎಕ್ಸ್‌ಟಿ4 ಓದೋಕೆ ಬರಲ್ಲ, ಅದಕ್ಕೆ ಕಾಣೋದು ಬರೀ ಬ್ಲಾಕುಗಳು. ವಿಡಿಐ 1 ಎಂಬಿ ಬ್ಲಾಕುಗಳ ಲೆಕ್ಕದಲ್ಲಿ ನಡೆಯುತ್ತೆ. ಆ 1 ಎಂಬಿ ಪೂರ್ತಿ ಸೊನ್ನೆಯಾಗಿದ್ದರೆ ಮಾತ್ರ ಕಾಂಪ್ಯಾಕ್ಟ್ ಅದನ್ನು ಕಿತ್ತು ಹಾಕುತ್ತೆ. ಒಳಗಿನ 256 ತುಂಡುಗಳಲ್ಲಿ (ಇಎಕ್ಸ್‌ಟಿ4 ಬ್ಲಾಕ್ 4 ಕೆಬಿ) ಒಂದರಲ್ಲಿ ಏನಾದರೂ ಉಳಿದಿದ್ದರೂ ಇಡೀ 1 ಎಂಬಿ ಉಳಿದುಕೊಳ್ಳುತ್ತೆ. ಹಾಗಾಗಿ ಎಲ್ಲ ಸರಿ ಹೋದರೂ ಕರಾರುವಾಕ್ಕಾಗಿ 24ಕ್ಕೆ ಇಳಿಯಲ್ಲ, ಕೆಲವು ಜಿಬಿ ಹೆಚ್ಚೇ ಇರುತ್ತೆ.

ಸೊನ್ನೆ ಬರೆಯೋಕೆ ಝೀರೋಫ್ರೀ ಬಳಸಿ. ಅದು ಖಾಲಿ ಬ್ಲಾಕುಗಳನ್ನು ಒಂದೊಂದಾಗಿ ಓದಿ, ಸೊನ್ನೆ ಅಲ್ಲದ್ದನ್ನು ಮಾತ್ರ ತಿದ್ದುತ್ತೆ. ಇಲ್ಲಿಯವರೆಗೆ ಮುಟ್ಟದ ಜಾಗ ಓದಿದಾಗ ಸೊನ್ನೆಯೇ ಬರೋದರಿಂದ ಅಲ್ಲಿ ಏನೂ ಬರೆಯಲ್ಲ, ವಿಡಿಐ ಬೆಳೆಯಲ್ಲ. ಡಿಡಿ ಹಾಗಲ್ಲ. ಡಿಸ್ಕ್ ತುಂಬುವವರೆಗೂ ಒಂದು ದೊಡ್ಡ ಫೈಲ್ ಬರೆಯುತ್ತೆ, 78 ಜಿಬಿ ಇದ್ದದ್ದು 100ರ ಹತ್ತಿರ ಹೋಗಬಹುದು. ನಿಮ್ಮ ಹೋಸ್ಟ್‌ನಲ್ಲಿ ಇರೋದೇ 14. ಮಧ್ಯದಲ್ಲಿ ಜಾಗ ಮುಗಿದರೆ ವಿಎಂ ಅಲ್ಲೇ ನಿಲ್ಲುತ್ತೆ, ವಿಂಡೋಸ್ ಕೂಡ ಒದ್ದಾಡುತ್ತೆ.

ರೂಟ್‌ಶೆಲ್

ಮೇಲಿನವರು ಹೇಳಿದ್ದು ಸರಿ. ಆದರೆ ಸ್ನ್ಯಾಪ್‌ಶಾಟ್ ಇರುವಾಗ ಝೀರೋಫ್ರೀ ಕೂಡ ಅಪಾಯ, ಇದನ್ನು ಬಹಳ ಜನ ಗಮನಿಸಲ್ಲ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ 78 ಜಿಬಿಯ ಮೂಲ ವಿಡಿಐಗೆ ಯಾರೂ ಬರೆಯಲ್ಲ. ಹೊಸದಾಗಿ ಬರೆದದ್ದೆಲ್ಲ ಆ 11 ಜಿಬಿ ಫೈಲ್‌ಗೆ ಹೋಗುತ್ತೆ. ಈಗ ಝೀರೋಫ್ರೀ ಓಡಿಸಿದರೆ ಅದು ಬರೆಯೋ ಸೊನ್ನೆಗಳೂ ಅಲ್ಲಿಗೇ. ಮೂಲದಲ್ಲಿ ಅಳಿಸಿದ ಡೇಟಾ 50 ಜಿಬಿ ಇದ್ದರೆ ಆ ಚಿಕ್ಕ ಫೈಲ್ ಅಷ್ಟರ ಮಟ್ಟಿಗೂ ಉಬ್ಬಬಹುದು. ಆದ್ದರಿಂದ ಮೊದಲು ಸ್ನ್ಯಾಪ್‌ಶಾಟ್ ಅಳಿಸಲೇಬೇಕು.

ಅಳಿಸೋದು ಅಂದರೆ ಎರಡು ಫೈಲ್‌ಗಳನ್ನು ಒಂದು ಮಾಡೋದು. ಅದು ಮುಗಿಯೋವರೆಗೂ ಎರಡೂ ಫೈಲ್ ಡಿಸ್ಕ್ ಮೇಲೆ ಇರುತ್ತವೆ, ನಿಮಗೆ ಸುಮಾರು 11 ಜಿಬಿ ಹೆಚ್ಚುವರಿ ಬೇಕಾಗಬಹುದು. 14ರಲ್ಲಿ 11 ಹೋದರೆ ಉಸಿರಾಡೋಕೆ ಜಾಗ ಇರಲ್ಲ. ಕೈಯಲ್ಲಿ ಯುಎಸ್‌ಬಿ ಡಿಸ್ಕ್ ಇದೆಯಲ್ಲ, ಎಲ್ಲ ಕೆಲಸ ಅದರ ಮೇಲೆ ಮಾಡಿ. ಅದು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಬೇಕು. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ.

ಕ್ರಮ ಹೀಗಿರಲಿ:

1. ಮೊದಲು ಉಬುಂಟು ಒಳಗಿನ ಕಸ ತೆಗೀರಿ: ಸುಡೊ ಎಪಿಟಿ ಕ್ಲೀನ್, ಆಮೇಲೆ ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ. ಡಾಕರ್ ಬಿಲ್ಡ್ ಕ್ಯಾಶ್ ಉಳಿದಿದ್ದರೆ ಡಾಕರ್ ಬಿಲ್ಡರ್ ಪ್ರೂನ್. ನಂತರ ಪೂರ್ತಿ ಪವರ್ ಆಫ್ ಮಾಡಿ, ಸೇವ್ ಸ್ಟೇಟ್ ಸಾಲದು.

2. ವರ್ಚುವಲ್‌ಬಾಕ್ಸ್‌ನಲ್ಲಿ ವಿಎಂ ಮೇಲೆ ರೈಟ್ ಕ್ಲಿಕ್, ಮೂವ್, ಯುಎಸ್‌ಬಿ ಡಿಸ್ಕ್. ಎಕ್ಸ್‌ಪ್ಲೋರರ್‌ನಲ್ಲಿ ಕಟ್-ಪೇಸ್ಟ್ ಮಾಡಬೇಡಿ, ವರ್ಚುವಲ್‌ಬಾಕ್ಸ್ ಇನ್ನೂ ಹಳೆಯ ಜಾಗದಲ್ಲೇ ಫೈಲ್ ಹುಡುಕುತ್ತೆ.

3. ಸ್ನ್ಯಾಪ್‌ಶಾಟ್ ಡಿಲೀಟ್. ರಿಸ್ಟೋರ್ ಅಲ್ಲ! ರಿಸ್ಟೋರ್ ಒತ್ತಿದರೆ ಆಮೇಲಿನ ಕೆಲಸವೆಲ್ಲ ಹೋಗುತ್ತೆ. ಯುಎಸ್‌ಬಿ ಹಾರ್ಡ್ ಡಿಸ್ಕ್ ಆದ್ದರಿಂದ ನಿಧಾನ ಆಗುತ್ತೆ, ಮಧ್ಯೆ ಕೇಬಲ್ ಅಲುಗಾಡಿಸಬೇಡಿ.

4. ಉಬುಂಟು ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್ ಫೈಲ್) ವಿಎಂಗೆ ಸಿಕ್ಕಿಸಿ, ಟ್ರೈ ಉಬುಂಟು ಆರಿಸಿ ಬೂಟ್ ಮಾಡಿ. ಸುಡೊ ಎಪಿಟಿ ಇನ್‌ಸ್ಟಾಲ್ ಝೀರೋಫ್ರೀ. ಎಲ್‌ಎಸ್‌ಬಿಎಲ್‌ಕೆ ಕೊಟ್ಟು ರೂಟ್ ಪಾರ್ಟಿಷನ್ ಯಾವುದು ನೋಡಿ, ಸಾಮಾನ್ಯವಾಗಿ ಎಸ್‌ಡಿಎ3. ಸುಡೊ ಇ2ಎಫ್‌ಎಸ್‌ಸಿಕೆ -ಎಫ್ /ಡೆವ್/ಎಸ್‌ಡಿಎ3, ಅದರ ನಂತರ ಸುಡೊ ಝೀರೋಫ್ರೀ -ವಿ /ಡೆವ್/ಎಸ್‌ಡಿಎ3.

5. ಆಫ್ ಮಾಡಿ, ಹೋಸ್ಟ್‌ನಲ್ಲಿ: ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ ಡಿಸ್ಕ್ "ವಿಡಿಐ ಫೈಲಿನ ಪೂರ್ತಿ ದಾರಿ" --ಕಾಂಪ್ಯಾಕ್ಟ್.

ಸೈಜ್ ಇಳಿದು, ಉಬುಂಟು ಒಂದು ಸಲ ಸರಿಯಾಗಿ ಬೂಟ್ ಆದ ಮೇಲೆ ಮೂವ್ ಮಾಡಿ ಎಸ್‌ಎಸ್‌ಡಿಗೆ ವಾಪಸ್ ತನ್ನಿ.

ಹಳೇಲ್ಯಾಪ್‌ಟಾಪ್

ಲೈವ್ ಐಎಸ್‌ಒ ಬದಲು ರಿಕವರಿ ಮೋಡ್‌ನಲ್ಲಿ ಆಗಲ್ವಾ? ಅಲ್ಲಿ ರೂಟ್ ರೀಡ್-ಓನ್ಲಿ ಮಾಡೋಕೆ ಹೋದರೆ "ಬ್ಯುಸಿ" ಅಂತ ಬರ್ತಿದೆ.

ರೂಟ್‌ಶೆಲ್

ಆಗುತ್ತೆ, ಆದರೆ ಯಾವುದೋ ಒಂದು ಸರ್ವಿಸ್, ಹೆಚ್ಚಾಗಿ ಜರ್ನಲ್ ಬರೆಯೋದು, ರೂಟ್‌ನಲ್ಲಿ ಫೈಲ್ ಹಿಡಿದು ಕೂತಿರುತ್ತೆ. ಅದಕ್ಕೇ ಬ್ಯುಸಿ. ಒಂದೊಂದೇ ನಿಲ್ಲಿಸುತ್ತ ಹೋಗೋದಕ್ಕಿಂತ ಲೈವ್ ಐಎಸ್‌ಒ ಸಲೀಸು. ಅಲ್ಲಿ ಆ ಪಾರ್ಟಿಷನ್ ಮೌಂಟೇ ಆಗಿರಲ್ಲ, ತಪ್ಪಾಗೋ ಸಂಭವವೂ ಕಡಿಮೆ. ಬರೆಯುವ ಸ್ಥಿತಿಯಲ್ಲಿ ಮೌಂಟ್ ಆಗಿರೋ ಪಾರ್ಟಿಷನ್ ಮೇಲೆ ಝೀರೋಫ್ರೀ ಓಡಲು ಒಪ್ಪಲ್ಲ, ಒಪ್ಪಲೂಬಾರದು.

ಹಳೇಲ್ಯಾಪ್‌ಟಾಪ್

ಆಯ್ತು. 78 ಮತ್ತು 11 ಸೇರಿ 89 ಇದ್ದದ್ದು ಈಗ ಒಂದೇ ಫೈಲ್, 28 ಜಿಬಿ. ಇಬ್ಬರಿಗೂ ತುಂಬಾ ಧನ್ಯವಾದ. ಮತ್ತೆ ಬೆಳೆಯದ ಹಾಗೆ ಏನಾದರೂ ಮಾಡಬಹುದಾ?

ಸೊನ್ನೆಬ್ಲಾಕ್

ಮಾಡಬಹುದು. ವಿಎಂ ಆಫ್ ಇರುವಾಗ ವಿಬಾಕ್ಸ್‌ಮ್ಯಾನೇಜ್ ಸ್ಟೋರೇಜ್‌ಅಟ್ಯಾಚ್ ಬಳಸಿ ಅದೇ ವಿಡಿಐಯನ್ನು --ನಾನ್‌ರೊಟೇಷನಲ್ ಆನ್ --ಡಿಸ್ಕಾರ್ಡ್ ಆನ್ ಸೇರಿಸಿ ಮತ್ತೆ ಜೋಡಿಸಿ. ಆಗ ಉಬುಂಟುವಿನಲ್ಲಿ ಸುಡೊ ಎಫ್‌ಎಸ್‌ಟ್ರಿಮ್ -ವಿ / ಕೊಟ್ಟರೆ ಯಾವ ಬ್ಲಾಕ್ ಖಾಲಿ ಅನ್ನೋ ಸುದ್ದಿ ನೇರವಾಗಿ ವರ್ಚುವಲ್‌ಬಾಕ್ಸ್‌ಗೆ ಹೋಗಿ ಫೈಲ್ ತಾನೇ ಇಳಿಯುತ್ತೆ. ಉಬುಂಟು ಇದನ್ನು ವಾರಕ್ಕೊಮ್ಮೆ ತಾನಾಗಿ ಓಡಿಸುತ್ತೆ. ಇದು ವಿಡಿಐಗೆ ಮಾತ್ರ. ವಿಎಂಡಿಕೆ (ಇನ್ನೊಂದು ಬಗೆಯ ವರ್ಚುವಲ್ ಡಿಸ್ಕ್ ಫೈಲ್) ಇದ್ದವರು ಮೊದಲು ಕ್ಲೋನ್‌ಮೀಡಿಯಂನಿಂದ ವಿಡಿಐಗೆ ಬದಲಾಯಿಸಿಕೊಳ್ಳಬೇಕು. ಸೆಟ್ಟಿಂಗ್ ಬದಲಿಸುವ ಮೊದಲು ಆ 28 ಜಿಬಿ ಫೈಲ್‌ನ ಒಂದು ಪ್ರತಿ ಯುಎಸ್‌ಬಿ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಲಕ್ಸ್ ಎನ್‌ಕ್ರಿಪ್ಷನ್ (ಡಿಸ್ಕ್‌ನ ಡೇಟಾಕ್ಕೆ ಬೀಗ) ಆರಿಸಿದವರಿಗೆ ಒಂದು ಮಾತು. ಒಳಗೆ ಬರೆದ ಸೊನ್ನೆ ಎನ್‌ಕ್ರಿಪ್ಟ್ ಆಗಿ ಹೊರಗೆ ಅಡ್ಡಾದಿಡ್ಡಿ ಡೇಟಾ ಆಗಿಯೇ ಕಾಣುತ್ತೆ, ಝೀರೋಫ್ರೀ ಪ್ರಯೋಜನಕ್ಕೆ ಬರಲ್ಲ. ಅವರಿಗೆ ಕ್ರಿಪ್ಟ್‌ಟ್ಯಾಬ್‌ನಲ್ಲಿ ಡಿಸ್ಕಾರ್ಡ್ ಸೇರಿಸಿ ಎಫ್‌ಎಸ್‌ಟ್ರಿಮ್ ಮಾಡೋದೊಂದೇ ದಾರಿ.

ಕರ್ನಲ್‌ಕಟ್ಟೆ

ಇದೇ ತೊಂದರೆ ಡಬ್ಲ್ಯುಎಸ್‌ಎಲ್2ನಲ್ಲೂ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಸೌಲಭ್ಯ) ಇದೆ, ಅಲ್ಲಿ ಬೆಳೆಯೋದು ಇಎಕ್ಸ್‌ಟಿ4.ವಿಎಚ್‌ಡಿಎಕ್ಸ್ ಅನ್ನೋ ಫೈಲ್. ವಿಂಡೋಸ್ ಹೋಮ್‌ನಲ್ಲಿ ಅದನ್ನು ಕುಗ್ಗಿಸೋ ಆಪ್ಟಿಮೈಜ್-ವಿಎಚ್‌ಡಿ ಕಮಾಂಡ್ ಸಿಗಲ್ಲ, ಡಿಸ್ಕ್‌ಪಾರ್ಟ್ ಸಾಕು. ಡಬ್ಲ್ಯುಎಸ್‌ಎಲ್ --ಶಟ್‌ಡೌನ್ ಕೊಟ್ಟು, ಅಡ್ಮಿನ್ ಆಗಿ ಡಿಸ್ಕ್‌ಪಾರ್ಟ್ ತೆರೆದು ಸಾಲಾಗಿ: ಸೆಲೆಕ್ಟ್ ವಿಡಿಸ್ಕ್ ಫೈಲ್="ದಾರಿ", ಅಟ್ಯಾಚ್ ವಿಡಿಸ್ಕ್ ರೀಡ್‌ಓನ್ಲಿ, ಕಾಂಪ್ಯಾಕ್ಟ್ ವಿಡಿಸ್ಕ್, ಡಿಟ್ಯಾಚ್ ವಿಡಿಸ್ಕ್. ಡಾಕರ್ ಡೆಸ್ಕ್‌ಟಾಪ್ ಓಡ್ತಾ ಇದ್ದರೆ ಡಬ್ಲ್ಯುಎಸ್‌ಎಲ್ ಮತ್ತೆ ಎದ್ದುಬಿಡಬಹುದು, ಮೊದಲು ಅದನ್ನು ಕ್ವಿಟ್ ಮಾಡಿ. ಫೈಲ್ ತಾನೇ ಕುಗ್ಗೋ ಹಾಗೆ ಮಾಡೋ ಸೆಟ್-ಸ್ಪಾರ್ಸ್ ಅನ್ನೋ ಆಯ್ಕೆಯ ತಂಟೆಗೆ ಹೋಗಬೇಡಿ. ಡೇಟಾ ಕೆಡಬಹುದು ಅಂತಲೇ ಮೈಕ್ರೋಸಾಫ್ಟ್ ಅದರ ಮುಂದೆ --ಅಲೋ-ಅನ್‌ಸೇಫ್ ಅನ್ನೋ ತಡೆ ಇಟ್ಟಿದೆ.

ಕೆವಿಎಂ (ಲಿನಕ್ಸ್‌ನ ವಿಎಂ ವ್ಯವಸ್ಥೆ) ಬಳಸೋರಿಗೆ: ವಿಎಂ ಆಫ್ ಇರುವಾಗ ಅದರ ಕ್ಯೂಕೌ2 ಡಿಸ್ಕ್ ಇಮೇಜ್ ಮೇಲೆ ವರ್ಟ್-ಸ್ಪಾರ್ಸಿಫೈ --ಇನ್-ಪ್ಲೇಸ್ ಸಾಕು, ಪ್ರತಿ ಮಾಡಲು ಬೇರೆ ಜಾಗವೂ ಬೇಡ. ರಾ ಇಮೇಜನ್ನು ಸ್ಪಾರ್ಸ್ ಮಾಡಿ (ಸೊನ್ನೆಗಳಿಗೆ ಡಿಸ್ಕ್ ಜಾಗ ಕೊಡದೆ) ಇಟ್ಟವರು ಬೇರೆ ಸರ್ವರ್‌ಗೆ ಸಾಗಿಸುವಾಗ ಆರ್‌ಸಿಂಕ್‌ಗೆ --ಸ್ಪಾರ್ಸ್ ಸೇರಿಸೋದು ಮರೀಬೇಡಿ, ಇಲ್ಲದಿದ್ದರೆ ಆ ಕಡೆ ಸೊನ್ನೆಗಳೂ ಡಿಸ್ಕ್ ಮೇಲೆ ಕೂತು ಫೈಲ್ ಮತ್ತೆ ಪೂರ್ತಿ ಗಾತ್ರಕ್ಕೆ ಬರುತ್ತೆ. ನಿಜವಾದ ಗಾತ್ರ ತಿಳಿಯೋಕೆ ಎಲ್‌ಎಸ್ ಅಲ್ಲ, ಡಿಯು ನೋಡಿ.