ಚಿಕ್ಕಿ ಶಿಕ್ಷಕರ ಸಂಘದ ಚುನಾವಣೆಗೆ ನಿಂತ ಸುದ್ದಿ, ಮನೆ ಗುಂಪಿನ ಜಗಳ

ದೊಡ್ಡಮಾವ (ಫಾರ್ವರ್ಡ್): ಶಿಕ್ಷಕರೇ ಎಚ್ಚರ! ಸುಪ್ರೀಂ ಕೋರ್ಟ್ ತೀರ್ಪು ಬಂದಾಯ್ತು. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗದವರೆಲ್ಲ ಮನೆಗೆ! ಪಿಂಚಣಿಯೂ ಇಲ್ಲ! ಸಂಘದ ಚುನಾವಣೆಗೂ ನಿಲ್ಲುವಂತಿಲ್ಲ! ಎಲ್ಲರಿಗೂ ಕಳಿಸಿ.

ದೊಡ್ಡಮಾವ: ತಂಗಿ, ನೋಡಿದ್ಯಾ? ತಾಲೂಕು ಅಧ್ಯಕ್ಷೆ ಆಗೋಕೆ ಹೊರಟಿದ್ದೀಯ, ಇರೋ ಕೆಲಸಕ್ಕೇ ಕುತ್ತು.

ಅಣ್ಣ: ಮಾವ, ಇದು ಎಲ್ಲಿಂದ ಬಂತು? ತೀರ್ಪಿನ ಪ್ರತಿ ಇದ್ಯಾ?

ದೊಡ್ಡಮಾವ: ಸೊಸೈಟಿ ಗುಂಪಲ್ಲಿ ಬಂತು. ಅಲ್ಲಿರೋರೆಲ್ಲ ತಿಳಿದವರೇ.

ಅಣ್ಣ: ಹಾಗಂದ್ರೆ ಆಯ್ತಾ? ಮೂಲ ಕೊಡಿ.

ದೊಡ್ಡಮಾವ: ಹಿರಿಯರನ್ನ ಕೇಳೋ ರೀತಿನಾ ಇದು?

ದೊಡ್ಡಮ್ಮ: ಕೋರ್ಟಿನ ವಿಷಯ ಬಿಡಿ. ರಿಟೈರ್ ಆಗೋ ಹೊತ್ತಿಗೆ ಇವಳಿಗೆ ಚುನಾವಣೆ ಯಾಕೆ? ಅಪ್ಪಯ್ಯನೂ ಮೇಷ್ಟ್ರೇ. ಒಬ್ಬರ ಹತ್ತಿರ ಹೋಗಿ ಓಟು ಕೇಳಿದವರಲ್ಲ. ಪಾಠ ಮಾಡಿದರು, ಮರ್ಯಾದೆಯಿಂದ ಮನೆಗೆ ಬಂದರು.

ಮಾವನ ಮಗ: ಅತ್ತೆ ಶಾಲೆ ಅಂದ್ರೆ ನನಗೆ ಕಪ್ಪು ಹಲಗೆಯೇ ನೆನಪು. ಶನಿವಾರ ತೊಂಡೆ ಸೊಪ್ಪು, ಇದ್ದಿಲು ಸೇರಿಸಿ ಅರೆದು ಉಜ್ಜುತ್ತಿದ್ದೆವು. ಮೊಣಕೈವರೆಗೂ ಕಪ್ಪು. ಅತ್ತೆನೂ ಸೆರಗು ಸಿಕ್ಕಿಸಿಕೊಂಡು ನಮ್ಮ ಜೊತೆಗೇ ಉಜ್ಜುತ್ತಿದ್ದರು. ಯಾರ ಹತ್ರನಾದ್ರೂ ಆ ಶಾಲೆ ಫೋಟೋ ಇದ್ಯಾ?

ಅಣ್ಣ: ಈಗ ಫೋಟೋ ಯಾಕೋ? ಮಾವ, ಮೂಲ?

ದೊಡ್ಡಮಾವ: ಸಂಘದವರು ಇವಳಿಗೆ ಏನು ಮಾಡಿದಾರೆ ಹೇಳು. ವರ್ಗಾವಣೆಗೆ ಎಷ್ಟು ವರ್ಷ ಒದ್ದಾಡಿದಳು.

ಅಮ್ಮ: ಅಣ್ಣ, ಆ ಮಾತು ನೀನು ಎತ್ತಬೇಡ. ಕೌನ್ಸೆಲಿಂಗ್ ದಿನ ಜೊತೆಗೆ ಬಾ ಅಂತ ಅವಳು ಕೇಳಿದಾಗ ಅಡಿಕೆ ಕೊನೆ ಕೊಯ್ಲು ಅಂದೆ. ಚಿಕ್ಕ ಮಗು ಎತ್ತಿಕೊಂಡು ಒಬ್ಬಳೇ ಹೋಗಿದ್ದಳು.

ದೊಡ್ಡಮಾವ: ಆ ವರ್ಷ ಕೊನೆಗಾರರೇ ಸಿಕ್ಕಿರಲಿಲ್ಲ. ಎಲ್ಲರಿಗೂ ಗೊತ್ತು.

ಅಮ್ಮ: ನಮಗೆ ಗೊತ್ತಿರಲಿಲ್ಲ.

ಚಿಕ್ಕಿ: ಈಗಷ್ಟೇ ಶಾಲೆಯಿಂದ ಬಂದೆ. ತೀರ್ಪು ನಾನು ಓದಿದ್ದೇನೆ. ಬಂದಿದ್ದು 2025ರ ಸೆಪ್ಟೆಂಬರ್ 1ಕ್ಕೆ. ಸೇವೆ ಐದು ವರ್ಷಕ್ಕಿಂತ ಕಡಿಮೆ ಉಳಿದವರು ಟಿಇಟಿ ಬರೆಯದೇ ನಿವೃತ್ತಿವರೆಗೆ ಇರಬಹುದು, ಬಡ್ತಿ ಮಾತ್ರ ಸಿಗೋದಿಲ್ಲ. ನಾನು 2029ಕ್ಕೆ ನಿವೃತ್ತಿ. ಅದಕ್ಕಿಂತ ಜಾಸ್ತಿ ಸೇವೆ ಇರುವವರಿಗೆ ಎರಡು ವರ್ಷ ಟೈಮು. ಅಷ್ಟರಲ್ಲಿ ಪಾಸಾಗದಿದ್ದರೆ ಕೆಲಸ ಬಿಡಬೇಕು, ಅದು ನಿಜ. ಆದರೆ ನಿಯಮದಂತೆ ಸಿಗಬೇಕಾದ ನಿವೃತ್ತಿ ಸೌಲಭ್ಯ ಕೊಡಲೇಬೇಕು ಅಂತಲೂ ಇದೆ. ಸಂಘದ ಚುನಾವಣೆ ಬಗ್ಗೆ ಒಂದು ಸಾಲೂ ಇಲ್ಲ.

ಅಣ್ಣ: ಇದನ್ನೇ ಕೇಳ್ತಿದ್ದೆ.

ದೊಡ್ಡಮ್ಮ: ನಿನಗೆ ತೊಂದರೆ ಇಲ್ಲ ಅಂದಮೇಲೆ ಸುಮ್ನೆ ಇರಬಹುದಲ್ವಾ?

ಚಿಕ್ಕಿ: ಅಕ್ಕ, ನನಗೆ ತೊಂದರೆ ಇಲ್ಲ ಅಂತಲೇ ನಿಂತಿದ್ದೇನೆ. ನಮ್ಮ ಶಾಲೆಗೆ 2008ರಲ್ಲಿ ಸೇರಿದ ಮೇಡಂ ಇದ್ದಾರೆ. 2006ರ ಏಪ್ರಿಲ್ 1ರ ನಂತರ ಸೇರಿದವರು, ಅದಕ್ಕೇ ಹೊಸ ಪಿಂಚಣಿ ಯೋಜನೆ ಎನ್‌ಪಿಎಸ್. ನನಗಿರುವ ಹಳೇ ಪಿಂಚಣಿ ಅವರಿಗಿಲ್ಲ. ಅವರು ಕೆಲಸಕ್ಕೆ ಸೇರಿದಾಗ ಟಿಇಟಿ ಅನ್ನೋದೇ ಇರಲಿಲ್ಲ, ಶಿಕ್ಷಕರ ಅರ್ಹತೆ ನಿಗದಿ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇ ಅದನ್ನು ತಂದಿದ್ದು 2010ರಲ್ಲಿ. ಈಗ ಅವರು 150 ಅಂಕದ ಪರೀಕ್ಷೆಯಲ್ಲಿ 90 ತೆಗೆಯಬೇಕು. ಸಮೀಕ್ಷೆಗೆ ಮನೆ ಮನೆ ಸುತ್ತಿ, ನೆಟ್‌ವರ್ಕ್‌ಗೆ ಗುಡ್ಡ ಹತ್ತಿ ಬಂದವರು ರಾತ್ರಿ ಪುಸ್ತಕ ಹಿಡಿದು ಕೂರುತ್ತಾರೆ. ಅವರು ಅಧಿಕಾರಿಗಳ ಹತ್ತಿರ ಗಟ್ಟಿಯಾಗಿ ಮಾತಾಡೋಕೆ ಹೆದರುತ್ತಾರೆ. ನನಗೆ ಬಡ್ತಿಯ ಆಸೆ ಇಲ್ಲ, ಹೆದರಿಕೆಯೂ ಇಲ್ಲ. ಓದಲು ರಜೆ ಕೊಡಿ, ತರಬೇತಿ ಕೊಡಿ, ಪರೀಕ್ಷೆ ಮುಗಿಯುವವರೆಗೆ ಬೇರೆ ಡ್ಯೂಟಿ ಹಾಕಬೇಡಿ ಅಂತ ಕೇಳೋಕೆ ಒಬ್ಬರಾದರೂ ಬೇಕಲ್ಲ.

ಮಾವನ ಮಗ: ಅತ್ತೆ, ಪ್ರಚಾರಕ್ಕೆ ಕಾರು ಬೇಕಾದ್ರೆ ಹೇಳಿ. ಭಾನುವಾರ ನಾನೇ ಬರ್ತೀನಿ.

ದೊಡ್ಡಮಾವ: ನನ್ನ ಕೇಳದೆ ಕಾರು ಕೊಡ್ತೀಯಾ?

ಅಮ್ಮ: ಈಗಲೂ ಕೊಯ್ಲಾ ಅಣ್ಣ?

ದೊಡ್ಡಮಾವ: ಅವಳ ಒಳ್ಳೇದಕ್ಕೇ ಹಾಕಿದ್ದು. ಅದನ್ನ ಯಾರೂ ಹೇಳೋದಿಲ್ಲ.

ನಾನು: ಮಾವ, ಒಳ್ಳೇದಕ್ಕೇ ಅಂತ ಗೊತ್ತು. ಆದರೂ ಆ ಮೆಸೇಜ್ ಅಳಿಸಿ. ಪಿಂಚಣಿಯೇ ಇಲ್ಲ ಅನ್ನೋದನ್ನ ಓದಿ ಎಷ್ಟು ಟೀಚರ್‌ಗಳು ನಿದ್ದೆಗೆಟ್ಟಿರಬಹುದು. ಸೊಸೈಟಿ ಗುಂಪಿಗೆ ಚಿಕ್ಕಿ ಬರೆದಿದ್ದನ್ನು ಹಾಕಿ.

ದೊಡ್ಡಮಾವ: ಅಲ್ಲಿಗೆ ಹಾಕ್ತೀನಿ. ಇಲ್ಲಿಂದ ಅಳಿಸೋದಿಲ್ಲ.